ಹೆಚ್ಚಾದ ಹತ್ತು ತೋಟಾ

ರೈಫಲ್ ಕ್ಲಬ್ಬಿನ ತೋಟಾ ರಿಜಿಸ್ಟರು ಬರೆಯುವ ಧನಶ್ರೀಯನ್ನು ಭಾನುವಾರದಿಂದ ಒಂದು ಸಣ್ಣ ಚಿಂತೆ ಕೊರೆಯುತ್ತಿತ್ತು. ಯಾರಿಗೂ ಹೇಳಿಕೊಳ್ಳುವಂಥದ್ದಲ್ಲ. ಗುರಿ ಅಭ್ಯಾಸ ಮಾಡುತ್ತಿದ್ದ ಕದಿರೇಶನ ರೈಫಲ್ ಅವನ ಮುಖದ ಹತ್ತಿರವೇ ಸಿಡಿದು, ಅವನು ಕಣ್ಣು ಮುಚ್ಚಿಕೊಂಡು ಕುಸಿದಾಗ ಕ್ಲಬ್ಬಿನಲ್ಲಿದ್ದವರೆಲ್ಲ ಅವನ ಕಡೆಗೆ ಓಡಿದ್ದರು. ಅವಳೂ ಓಡಿದ್ದಳು. ಆದರೆ ಓಡುತ್ತ ಓಡುತ್ತ ಮನಸ್ಸಿಗೆ ಮೊದಲು ಬಂದದ್ದು ಅವನ ಕಣ್ಣಲ್ಲ, ರಿಜಿಸ್ಟರಿನಲ್ಲಿ ತನ್ನ ಸಹಿ ಇದೆಯಲ್ಲ ಎಂಬುದು. ಡೈರಿಯಲ್ಲಿ ಅದನ್ನು ಬರೆದಳು, ಹೊಡೆದು ಹಾಕಿದಳು, ಕೆಳಗೆ ಮತ್ತೆ ಬರೆದಳು. ನಾನು ಇಷ್ಟೇನಾ?

ಈಗ ಮಂಗಳವಾರ ಬೆಳಿಗ್ಗೆ ಹತ್ತೂವರೆ. ಅದೇ ರಿಜಿಸ್ಟರು ಇನ್ಸ್‌ಪೆಕ್ಟರ್ ಶ್ಯಾಮಲಮ್ಮನವರ ಮೊಣಕೈ ಕೆಳಗಿತ್ತು.

"ಶುರು ಮಾಡಿ ಆಂಜಿನಪ್ಪನೋರೆ," ಎಂದರು ಶ್ಯಾಮಲಮ್ಮ. "ಹೋದ ಮಂಗಳವಾರ ಹೆಂಗೆ ಮಾಡಿದ್ರೋ ಹಂಗೇ ಮಾಡಿ. ಒಂದು ಕೆಲಸ ಹೆಚ್ಚೂ ಬೇಡ, ಕಮ್ಮೀನೂ ಬೇಡ."

ಆಂಜಿನಪ್ಪ ಪ್ರೆಸ್ಸಿನ ಮುಂದೆ ನಿಂತಿದ್ದರು. ಅರವತ್ತೆಂಟು ವರ್ಷ. ಚಿನ್ನದ ಗಣಿಯ ವರ್ಕ್‌ಶಾಪಿನಲ್ಲಿ ಫಿಟ್ಟರ್ ಆಗಿದ್ದವರು. ಗಣಿ ಮುಚ್ಚಿದ ಮೇಲೆ ಊರೂರಿನ ಲೇತುಗಳ ಮುಂದೆ ನಿಂತು, ಈಗ ಒಂಬತ್ತು ವರ್ಷದಿಂದ ಮುಳಬಾಗಿಲಿನ ಹೊರಗೆ ಬಂಡೆಗಳ ಮಗ್ಗುಲಲ್ಲಿರುವ ಈ ಹೆಬ್ಬಂಡೆ ರೈಫಲ್ ಕ್ಲಬ್ಬಿನಲ್ಲಿ ತೋಟಾ ತುಂಬುತ್ತಿದ್ದರು. ಇಲ್ಲಿಯ ಹುಡುಗ ಹುಡುಗಿಯರಿಗೆಲ್ಲ ಅವರು ತಾತ. ಅವರ ಹೆಸರಿನ ಪರವಾನಗಿ ಗೋಡೆಯ ಮೇಲೆ ಕಟ್ಟು ಹಾಕಿಸಿಕೊಂಡು ಕೂತಿತ್ತು.

ಪ್ರೆಸ್ಸು ಅಂದರೆ ಮೇಜಿಗೆ ಬೋಲ್ಟು ಹಾಕಿ ಕೂರಿಸಿದ ಮೊಣಕಾಲೆತ್ತರದ ಯಂತ್ರ. ನಡುವೆ ತಿರುಗುವ ಒಂದು ಉಕ್ಕಿನ ತಟ್ಟೆ, ಅದರ ಅಂಚಿನಲ್ಲಿ ಐದು ಕಚ್ಚು. ಆಂಜಿನಪ್ಪ ಅವನ್ನು ಐದು ಮನೆ ಅನ್ನುತ್ತಿದ್ದರು. ಹಿಡಿ ಒಮ್ಮೆ ಎಳೆದರೆ ಐದು ಮನೆಯಲ್ಲೂ ಕೆಲಸ ಒಟ್ಟಿಗೇ ನಡೆಯುತ್ತದೆ. ಒಂದರಲ್ಲಿ ಹಳೆಯ ಹಿತ್ತಾಳೆ ಚಿಪ್ಪು ನೆಟ್ಟಗಾದರೆ, ಒಂದರಲ್ಲಿ ಮದ್ದು ಬೀಳುತ್ತದೆ, ಒಂದರಲ್ಲಿ ಗುಂಡು ಕೂರುತ್ತದೆ. ತಟ್ಟೆ ಒಂದು ಮನೆ ಮುಂದೆ ಸರಿಯುತ್ತದೆ. ಎಳೆತಕ್ಕೊಂದು ತೋಟಾ ತಯಾರಾಗಿ ಡಬ್ಬಿಗೆ ಬೀಳುತ್ತದೆ.

ಓಡುವಾಗ ಅದಕ್ಕೆ ಹಿಡಿ ಎಳೆಯುವ ಕೈಯೊಂದಿದ್ದರೆ ಸಾಕು. ತೊಡಕು ಇರುವುದು ಅಳತೆ ಬದಲಾಯಿಸುವಾಗ. ಕ್ಲಬ್ಬಿನಲ್ಲಿ ಎರಡೇ ಅಳತೆ. ಪಿಸ್ತೂಲಿನ ಥರ್ಟಿ-ಟೂ ಕಿರುಬೆರಳ ತುದಿಯಷ್ಟು, ರೈಫಲಿನ ತ್ರೀ-ಫಿಫ್ಟೀನ್ ನಡುಬೆರಳಿನಷ್ಟು ಉದ್ದ. ಒಂದನ್ನು ಬಿಟ್ಟು ಇನ್ನೊಂದನ್ನು ತುಂಬಬೇಕಾದರೆ ಅಚ್ಚುಗಳು ಕೂತಿರುವ ಮೇಲಿನ ತಲೆ, ಕೆಳಗಿನ ತಟ್ಟೆ, ಚಿಪ್ಪಿನ ತಳಕ್ಕೆ ಕಿಡಿಯ ಕ್ಯಾಪು ಕೂರಿಸುವ ಕಡ್ಡಿ, ಮದ್ದು, ಎಲ್ಲವೂ ಬದಲಾಗಬೇಕು.

ಪಿಸ್ತೂಲಿನ ಅಳತೆಯಿಂದ ರೈಫಲಿನದಕ್ಕೆ ಬದಲಾಯಿಸಲು ಆಂಜಿನಪ್ಪ ಮೊದಲು ಕೈ ಹಾಕಿದ್ದು ಮದ್ದಿನ ಕೊಳವೆಗೆ. ಅದನ್ನು ಬಿಚ್ಚಿ ಅದರದೇ ಡಬ್ಬಿಯ ಮೇಲೆ ಬೋರಲು ಹಾಕಿ, ಅಂಗೈಯಿಂದ ಮೂರು ಸಲ ತಟ್ಟಿದರು. ಮತ್ತೆ ಅದರ ಜಾಗದಲ್ಲಿ ಕೂರಿಸಿ, ಕೆಳಗೊಂದು ಬಿಳಿ ಪಿಂಗಾಣಿ ಬಟ್ಟಲಿಟ್ಟು ಹಿಡಿಯನ್ನು ಹತ್ತು ಸಲ ಬರಿದೇ ಎಳೆದರು.

"ಖಾಲಿ ಆಯ್ತಲ್ಲ, ಇನ್ನೇನು ಎಳೀತೀರ?" ಶ್ಯಾಮಲಮ್ಮ ಕೇಳಿದರು.

ಆಂಜಿನಪ್ಪ ಬಟ್ಟಲನ್ನು ಅವರ ಮುಂದೆ ಹಿಡಿದರು. ತಳದಲ್ಲಿ ಚಪ್ಪಟೆ ಕರಿ ಎಳ್ಳಿನಂಥ ಚೂರುಗಳು ಒಂದು ಚಿಟಿಕೆಯಷ್ಟು ಬಿದ್ದಿದ್ದವು.

"ಮೇಲಿಂದ ಇಣುಕಿದ್ರೆ ಖಾಲೀನೇ ಮೇಡಂ. ಕೊಳವೆ ಕತ್ತಿನೊಳಗೆ ಕೂತಿರ್ತದೆ, ಅಟ್ಟದ ಮೇಲೆ ಬೆಕ್ಕು ಕೂತಂಗೆ. ಎಳೆದೂ ಎಳೆದೂ ಕರೀಬೇಕು."

"ಒಂದು ಚಿಟಿಕೆಗೆ ರೈಫಲ್ ಒಡೆಯುತ್ತಾ?"

"ಇದು ಚಿಟಿಕೆ. ತಟ್ಟದೆ ಬಿಟ್ರೆ ಕತ್ತಿನ ತುಂಬ ಇರ್ತದೆ. ಪಿಸ್ತೂಲಿನ ಮದ್ದು ಒಣಗಿದ ತೆಂಗಿನ ಗರಿ ಇದ್ದಂಗೆ, ದಗ್ಗಂತ ಹತ್ತಿ ಮುಗೀತದೆ. ರೈಫಲ್ದು ಹುಣಸೇ ಕೊರಡು. ನಿದಾನಕ್ಕೆ ಉರೀಬೇಕು. ಕೊರಡು ಹಾಕೋ ಒಲೆಗೆ ಗರಿ ತುರುಕಿದ್ರೆ ಒಲೆನೇ ಒಡೆದೋಗ್ತದೆ."

ಆಮೇಲೆ ಐದು ಮನೆಯನ್ನೂ ಬೆರಳಿಟ್ಟು ಮುಟ್ಟಿ ನೋಡಿದರು, ಯಾವುದರಲ್ಲೂ ಚಿಪ್ಪು ಉಳಿದಿಲ್ಲ ಎಂದು. ಆಮೇಲೆ ತಲೆ. ಆಮೇಲೆ ತಟ್ಟೆ. ಕೈ ಒಂದು ಸಲವೂ ನಡುಗಲಿಲ್ಲ. ಎಲ್ಲ ಮುಗಿದ ಮೇಲೆ ಹಿಂದೆ ಸರಿದು ನಿಂತು, "ಇಷ್ಟಾದ ಮೇಲೂ ಮೊದಲ ಐದು ಮೀಸಲು," ಎಂದರು. "ಹೊಸ ಅಳತೇಲಿ ಮೊದಲು ಬಿದ್ದ ಐದು ತೋಟಾ ಯಾರಿಗೂ ಕೊಡಲ್ಲ. ಬಿಚ್ಚಿ, ಮದ್ದನ್ನ ಬಿಳೀ ಕಾಗದದ ಮೇಲೆ ಸುರಿದು ನೋಡಿ, ಸರಿ ಇದ್ರೆ ಮಾತ್ರ ಮುಂದಕ್ಕೆ."

"ಇಪ್ಪತ್ತೆರಡು ನಿಮಿಷ," ಎಂದಿತು ಬಾಗಿಲ ಕಡೆಯಿಂದ ಒಂದು ದನಿ.

ಕ್ಲಬ್ಬಿನ ಕಾರ್ಯದರ್ಶಿ ನರಸಿಂಹಪ್ಪ. ನಿವೃತ್ತ ಡ್ರಿಲ್ ಮೇಷ್ಟ್ರು. ಕೊರಳಲ್ಲಿ ಈಗಲೂ ಸ್ಟಾಪ್‌ವಾಚು ನೇತಾಡುತ್ತಿತ್ತು.

"ನೋಡಿದ್ರಲ್ಲ ಮೇಡಂ, ಇಪ್ಪತ್ತೆರಡು ನಿಮಿಷ. ಇದಕ್ಕೇ ನಾನು ಅಳತೆಗೊಂದು ತಲೆ ತರಿಸಿದ್ದು. ಒಂದೊಂದೇ ಅಚ್ಚು ಬಿಚ್ಚಿ ಕೂರಿಸೋ ರಗಳೆ ಇಲ್ಲ. ಪಿನ್ ಎಳಿ, ತಲೆ ಜಾರಿಸು, ಪಿನ್ ಹಾಕು. ನಾಲ್ಕೇ ನಿಮಿಷ. ಹೋದ ತಿಂಗಳು ಎಲ್ಲಾ ಶೂಟರ್‌ಗಳನ್ನೂ ಕರೆದು, ವಾಚ್ ಹಿಡಿದು ಮಾಡಿ ತೋರ್ಸಿದೀನಿ. ಇವ್ರು ಮಾತ್ರ ಹಳೇ ತಾಳಾನೇ. ವಯಸ್ಸಾಗಿದೆ, ಪಾಪ. ಎಲ್ಲೋ ಒಂದು ಕೆಲಸ ಮರೆತಿದ್ದಾರೆ. ಒಪ್ಕೊಂಡ್ರೆ ಎಲ್ರಿಗೂ ಸುಲಭ."

"ತಲೆ ಎರಡು. ಮದ್ದಿನ ಕೊಳವೆ?"

"ಅದು ಒಂದೇ. ಇದರಿಂದ ತೆಗೆದು ಅದಕ್ಕೆ ಹಾಕ್ಕೋಬೇಕು."

"ನೀವು ತೋರ್ಸಿದ ದಿನ ಕೊಳವೇಲಿ ಮದ್ದಿತ್ತಾ?"

"ತೋರ್ಸೋದಕ್ಕೆ ಮದ್ದು ಯಾಕೆ ಮೇಡಂ? ಖಾಲಿ ಇಟ್ಕೊಂಡೇ ಮಾಡ್ದೆ."

ಶ್ಯಾಮಲಮ್ಮ ಸಣ್ಣ ನೋಟ್ ಪುಸ್ತಕದಲ್ಲಿ ಒಂದು ಸಾಲು ಬರೆದುಕೊಂಡರು. ಆದರೆ ಮೂಲೆಯ ಸ್ಟೂಲಿನ ಮೇಲೆ ಕೂತಿದ್ದ ಧನಶ್ರೀಗೆ ಆ ದಿನದ ಚಪ್ಪಾಳೆ ಕೇಳಿಸಿತು. ಹದಿನೆಂಟು ಜನ ಸುತ್ತ ನಿಂತು ನೋಡಿದ್ದರು. ನಾಲ್ಕು ನಿಮಿಷ ಎಂಟು ಸೆಕೆಂಡು. ಮದ್ದು ಖಾಲಿ ಮಾಡುವ ಕೆಲಸ ಆ ನಾಲ್ಕು ನಿಮಿಷದೊಳಗೆ ಇರಲೇ ಇಲ್ಲ, ಖಾಲಿ ಮಾಡಲು ಮದ್ದೇ ಇರಲಿಲ್ಲವಲ್ಲ. ಕದಿರೇಶ್ ಎಲ್ಲವನ್ನೂ ಫೋನಿನಲ್ಲಿ ವಿಡಿಯೋ ಮಾಡಿಕೊಂಡಿದ್ದ.

"ನಾಲ್ಕು ನಿಮಿಷನೋ ನಲವತ್ತು ನಿಮಿಷನೋ ನನಗೇನು ಗೊತ್ತು," ಎಂದರು ಗೋಡೆಯ ಬದಿಯ ಬೆಂಚಿನಿಂದ ದೊಡ್ಡಗಂಗಮ್ಮ. ಕದಿರೇಶನ ತಾಯಿ. ನಂಗಲಿಯ ಹೈವೇ ಮಗ್ಗುಲಲ್ಲಿ ಲಾರಿಯವರಿಗೆ ಇಡ್ಲಿ ಹಾಕುವ ಹೆಂಗಸು. ಕೋಲಾರದ ಆಸ್ಪತ್ರೆಯಿಂದ ನೇರವಾಗಿ ಬಂದಿದ್ದರು. ಮಡಿಲಲ್ಲಿ ಅಲ್ಲಿನ ಫೈಲು. "ಶುಕ್ರವಾರ ಪಟ್ಟಿ ಬಿಚ್ತಾರಂತೆ. ಬಲಗಣ್ಣು ಕಾಣಿಸಿದ್ರೆ ಕಾಣಿಸ್ತು, ಇಲ್ಲಾಂದ್ರೆ ಇಲ್ಲ. ಅದು ಯಾರ ಕೈಯಿಂದ ಆಯ್ತು ಅಂತ ಹೇಳ್ಬಿಡಿ ಮೇಡಂ. ತಿಳಿದ್ರೆ ನಿದ್ದೆ ಆದ್ರೂ ಬಂದಾತು."

ಆಂಜಿನಪ್ಪ ಅವರ ಕಡೆ ನೋಡಲಾರದೆ ತಟ್ಟೆಯನ್ನು ನೋಡಿದರು.

ಶ್ಯಾಮಲಮ್ಮ ಒಂದು ಕಾಗದ ತೆಗೆದರು. "ನಿಮ್ಮ ಮಗ ನೆನ್ನೆ ಕೊಟ್ಟ ಹೇಳಿಕೆ ಇದು. ಓದ್ತೀನಿ, ಕೇಳಿ. 'ನಾನು ತೋಟಾ ತುಂಬುವ ಪ್ರೆಸ್ಸನ್ನು ಯಾವತ್ತೂ ಮುಟ್ಟಿಲ್ಲ. ಆಂಜಿನಪ್ಪನವರು ತುಂಬಿಕೊಟ್ಟ ನಲವತ್ತೊಂದನೇ ನಂಬರಿನ ಡಬ್ಬಿಯನ್ನೇ ಬಳಸಿದೆ.' ಏನಂತೀರ ಆಂಜಿನಪ್ಪನೋರೆ?"

"ಕದಿರೇಶ ಸುಳ್ಳು ಹೇಳೋ ಹುಡುಗ ಅಲ್ಲ ಮೇಡಂ. ಟ್ರಿಗರ್ ಹಿಡಿಯೋದು ನಾನೇ ಕಲ್ಸಿದ್ದು. ಅವನು ಹಂಗಂದಿದ್ರೆ..." ಮುದುಕರು ತಮ್ಮ ಅಂಗೈ ಎರಡನ್ನೂ ಮಗುಚಿ ನೋಡಿಕೊಂಡರು. "ನನ್ನ ಕೈಯಿಂದಲೇ ಆಗಿರ್ಬೇಕು. ಎಲ್ಲಿ ತಪ್ಪಿದೆ ಅಂತ ಮಾತ್ರ ತಿಳೀತಿಲ್ಲ."

ತಪ್ಪಿರಲಿಲ್ಲ. ಧನಶ್ರೀಗೆ ಅದು ಗೊತ್ತಿತ್ತು. ಮಂಗಳವಾರದ ಕೆಲಸವನ್ನು ಅವಳೇ ಪಕ್ಕದಲ್ಲಿ ನಿಂತು ನೋಡಿ ಟಿಕ್ ಹಾಕಿದ್ದಳು. ತಾನು ನೋಡಿದ್ದೆನೋ ಸುಮ್ಮನೆ ಹಾಕಿದೆನೋ ಎಂದು ಎರಡು ದಿನ ಅನುಮಾನಪಟ್ಟು, ಕೊನೆಗೆ ಡೈರಿ ತಿರುವಿದ್ದಳು. ಅಲ್ಲಿ ಇತ್ತು: 'ಇವತ್ತು ತಾತ ಕೊಳವೆ ತಟ್ಟಿದ ಸದ್ದಿಗೆ ಕಿಟಕಿಯಲ್ಲಿದ್ದ ಅಳಿಲು ಹೌಹಾರಿ ಓಡಿತು.' ಇಷ್ಟನ್ನು ಹೇಳಿದರೂ ಸಾಕಿತ್ತು. ಹೇಳಬೇಕು ಅಂದುಕೊಂಡಳು. ಬಾಯಿ ತೆರೆಯುವಷ್ಟರಲ್ಲಿ ಮಾತು ಬೇರೆ ಕಡೆ ಹೊರಟುಹೋಗಿತ್ತು. ಅವಳ ಪಾಲಿಗೆ ಯಾವಾಗಲೂ ಹೀಗೇ. ಕೈ ಎತ್ತುವಷ್ಟರಲ್ಲಿ ಬಸ್ಸು ಮುಂದಿನ ತಿರುವಿನಲ್ಲಿರುತ್ತಿತ್ತು.

"ಏನಮ್ಮಾ, ನೀನು. ಏನು ಓದಿದ್ದೀಯ?"

ಅವಳು ಬೆಚ್ಚಿದಳು. "ಬಿಎಸ್ಸಿ ಮೇಡಂ."

"ಬಾ ಇಲ್ಲಿ. ಈ ಡಬ್ಬೀಲಿ ಎಷ್ಟಿದೆ ಎಣಿಸು. ಕೈಗವಸು ಹಾಕ್ಕೋ."

ಸಿಡಿದ ದಿನ ಜಪ್ತಿ ಮಾಡಿದ್ದ ಡಬ್ಬಿ. ಮೇಲೆ ಅವಳದೇ ಅಕ್ಷರದಲ್ಲಿ '೪೧'. ರಿಜಿಸ್ಟರಿನ ಪ್ರಕಾರ ಮಂಗಳವಾರ ತುಂಬಿ, ಶುಕ್ರವಾರ ಕದಿರೇಶನಿಗೆ ಕೊಟ್ಟಿದ್ದು ಐವತ್ತು ತೋಟಾ. ಗುರಿಕಟ್ಟೆಯ ಪುಸ್ತಕದ ಪ್ರಕಾರ ಭಾನುವಾರ ಅವನು ಹೊಡೆದದ್ದು ಮೂವತ್ತೊಂದು, ಮೂವತ್ತೊಂದನೆಯದೇ ಸಿಡಿದದ್ದು. ಉಳಿಯಬೇಕಾದದ್ದು ಹತ್ತೊಂಬತ್ತು.

ಅವಳು ಚಿಮಟದಿಂದ ಒಂದೊಂದನ್ನೇ ಎತ್ತಿ ಬಿಳಿ ಹಾಳೆಯ ಮೇಲೆ ಮಲಗಿಸುತ್ತ ಹೋದಳು. ಎಂಟನೆಯದನ್ನು ಎತ್ತಿದಾಗ ಕೈ ಒಂದು ಕ್ಷಣ ನಿಂತಿತು. ಅದನ್ನು ಆ ಸಾಲಿನಲ್ಲಿಡದೆ ಕೆಳಗೆ ಬೇರೆಯಾಗಿಟ್ಟಳು. ಹನ್ನೊಂದನೆಯದನ್ನೂ ಅದರ ಪಕ್ಕಕ್ಕಿಟ್ಟಳು. ಒಂದು ಸಾಲು ಎರಡು ಸಾಲಾಯಿತು.

"ಎಷ್ಟು?"

"ಇಪ್ಪತ್ತೊಂಬತ್ತು ಮೇಡಂ."

"ಹತ್ತು ಹೆಚ್ಚು," ಎಂದರು ಶ್ಯಾಮಲಮ್ಮ ನಿಧಾನವಾಗಿ.

ನರಸಿಂಹಪ್ಪ ನಿಟ್ಟುಸಿರಿಟ್ಟರು. "ನಾನು ಹೇಳ್ಲಿಲ್ವಾ. ಎಣಿಕೇಲೂ ತಪ್ಪಿದ್ದಾರೆ. ಮೇಡಂ, ನಮ್ಮ ಲೈಸೆನ್ಸ್ ಹೋದ್ರೆ ಈ ತಾಲ್ಲೂಕಿನ ಹುಡುಗ್ರು ಪ್ರಾಕ್ಟೀಸಿಗೆ ಬೆಂಗಳೂರಿಗೆ ಹೋಗ್ಬೇಕಾಗ್ತದೆ. ಅದಕ್ಕಾದ್ರೂ..."

"ನೀವು ಸ್ವಲ್ಪ ಸುಮ್ಮನಿರಿ ಮೇಷ್ಟ್ರೆ." ಶ್ಯಾಮಲಮ್ಮ ಹಾಳೆಯ ಮೇಲೆ ಬಗ್ಗಿದ್ದರು. "ಇವನ್ನ ಯಾಕಮ್ಮ ಬೇರೆ ಸಾಲಲ್ಲಿ ಇಟ್ಟೆ?"

ಮೇಲಿನ ಸಾಲಿನಲ್ಲಿ ಇಪ್ಪತ್ತಿದ್ದವು, ಕೆಳಗಿನ ಸಾಲಿನಲ್ಲಿ ಒಂಬತ್ತು.

ಧನಶ್ರೀ ಕೆಳಗಿನ ಸಾಲಿನಿಂದ ಒಂದನ್ನು ಚಿಮಟದಲ್ಲಿ ಹಿಡಿದು, ತಳದ ಅಂಚನ್ನು ಬೆಳಕಿಗೆ ತಿರುಗಿಸಿದಳು. ಹಿತ್ತಾಳೆಯ ಅಂಚಿನ ಕೆಳಗೆ, ತಟ್ಟೆಯ ಕಚ್ಚು ಹಿಡಿದುಕೊಳ್ಳುವ ಜಾಗದಲ್ಲಿ, ಸೂಜಿಯಿಂದ ಎಳೆದಂಥ ಒಂದು ಕೆಂಪು ಗೆರೆ.

ಶ್ಯಾಮಲಮ್ಮ ಕನ್ನಡಕ ಏರಿಸಿ ನೋಡಿದರು. ಆಮೇಲೆ ಪ್ಲಾಸ್ಟಿಕ್ ಚೀಲದಿಂದ ಸಿಡಿದ ತೋಟಾದ ಹರಿದ ಚಿಪ್ಪನ್ನು ತೆಗೆದರು. ಕರಕಲಾಗಿತ್ತು. ಆದರೂ ಅಂಚಿನ ಸಂದಿಯಲ್ಲಿ, ಬೆಂಕಿ ತಲುಪದ ಕಡೆ, ಅದೇ ಕೆಂಪು.

"ತುಕ್ಕಾ?"

ಆಂಜಿನಪ್ಪ ಹತ್ತಿರ ಬಂದರು. ನೋಡಿದ್ದೇ ಅವರ ಮುಖ ಬದಲಾಯಿತು. "ಹಿತ್ತಾಳೆಗೆ ಎಲ್ಲಿ ಬರಬೇಕು ತುಕ್ಕು. ಇದು ಕುಂಕುಮ."

"ತೋಟಾಗೆ ಕುಂಕುಮ ಹೆಂಗೆ ಹತ್ತಿತು?"

"ಬುಧವಾರ ಆಯುಧಪೂಜೆ ಅಲ್ವಾ ಮೇಡಂ. ಪ್ರೆಸ್ಸು ಪೂರ್ತಿ ಖಾಲಿ ಮಾಡಿ, ಒರೆಸಿ, ಪೂಜೆ ಮಾಡಿದ್ವಿ. ನಮ್ಮನೆಯೋಳು ರಾಮಲಕ್ಷ್ಮಮ್ಮ ಬಂದು ಅರಿಶಿನ ಕುಂಕುಮ ಇಟ್ಳು. ಅವಳಿಗೆ ಒಂದು ಕಡೆ ಇಟ್ರೆ ಸಮಾಧಾನ ಇಲ್ಲ. ಹಿಡಿಗೆ, ಎರಡು ತಲೆಗೆ, ಎರಡು ತಟ್ಟೆಗೆ, ತಟ್ಟೆಯ ಮನೆಮನೆಗೂ ಇಟ್ಳು. ನಾನು ಬೈದೆ ಕೂಡ, ಯಾರೇ ಒರಸೋರು ಇದನ್ನ ಅಂತ."

"ಆಮೇಲೆ?"

"ಆಮೇಲೇನು. ಪೂಜೆ ಆದ್ಮೇಲೆ ಆಯುಧ ಮುಟ್ಟಂಗಿಲ್ಲ. ಅವು ಮಲಗಿರ್ತವೆ. ವಿಜಯದಶಮಿ ಕಳೆದು, ಶುಕ್ರವಾರ ಬೆಳಿಗ್ಗೆ ನಾನೇ ಎಣ್ಣೆಬಟ್ಟೇಲಿ ಮನೆಮನೆ ಒರೆಸಿ ಕೆಲಸ ಶುರು ಮಾಡಿದ್ದು."

ಹೊರಗೆ ಬಂಡೆಯ ಮೇಲೆ ಕಾಗೆಯೊಂದು ಕೂಗಿ ಹಾರಿಹೋಯಿತು.

ಶ್ಯಾಮಲಮ್ಮ ಬೆರಳಲ್ಲಿ ಎಣಿಸುವವರಂತೆ ಹೇಳಿದರು. "ನೀವು ಮಂಗಳವಾರ ತುಂಬಿದ್ದಕ್ಕೆ ಕುಂಕುಮ ಇಲ್ಲ. ಶುಕ್ರವಾರದ ಮೇಲೆ ತುಂಬಿದ್ರೂ ಇರ್ತಿರಲಿಲ್ಲ. ಈ ಒಂಬತ್ತು, ಸಿಡಿದಿದ್ದು ಒಂದು, ಒಟ್ಟು ಹತ್ತು. ಹೆಚ್ಚಾದ ಹತ್ತೂ ಇವೇ. ಪೂಜೆ ಆದ್ಮೇಲೆ, ನೀವು ಒರೆಸೋಕೆ ಮುಂಚೆ ತುಂಬಿರೋದು. ಒಂದನ್ನ ಬಿಚ್ಚಿ ತೋರ್ಸಿ. ಮಹಜರಲ್ಲಿ ಬರ್ಕೋತೀನಿ, ಉಳಿದ ಎಂಟು ಲ್ಯಾಬಿಗೆ ಸಾಕು."

ಆಂಜಿನಪ್ಪ ಗುಂಡು ಕಳಚಿ ಮದ್ದನ್ನು ಹಾಳೆಯ ಮೇಲೆ ಸುರಿದರು. ಕಡ್ಡಿ ಕಡ್ಡಿಯಾದ ರೈಫಲಿನ ಮದ್ದು. ಅದರ ನಡುವೆ ಅಲ್ಲಲ್ಲಿ ಚಪ್ಪಟೆಯಾಗಿ, ಕರಿ ಎಳ್ಳಿನ ಹಾಗೆ, ಪಿಸ್ತೂಲಿನದು.

"ಕತ್ತಿನಲ್ಲಿ ಕೂತಿದ್ದು ಬಿದ್ದಿದೆ," ಎಂದರು ಅವರು ಮೆಲ್ಲಗೆ. "ಮೊದಲು ಥರ್ಟಿ-ಟೂ ತುಂಬಿದ್ದಾರೆ. ಆಮೇಲೆ ತಟ್ಟದೇನೇ ಅಳತೆ ಬದಲಾಯಿಸಿದ್ದಾರೆ. ಮೇಲಿಂದ ಇಣುಕಿ ಖಾಲಿ ಅಂದ್ಕೊಂಡು ಹೊಸ ಮದ್ದು ಸುರಿದಿದ್ದಾರೆ. ಮೀಸಲೂ ತೆಗೆದಿಲ್ಲ. ಮೊದಮೊದಲು ಬಿದ್ದಿದ್ರಲ್ಲಿ ಒಂದು ಸಿಕ್ಕಿದೆ ಆ ಹುಡುಗನಿಗೆ."

ನರಸಿಂಹಪ್ಪ ಕೊರಳಿನ ಸ್ಟಾಪ್‌ವಾಚನ್ನು ಹಿಡಿದುಕೊಂಡರು. ಆಮೇಲೆ ಅದನ್ನು ತೆಗೆದು ಜೇಬಿಗೆ ಹಾಕಿಕೊಂಡರು.

"ಈ ಕೋಣೆಗೆ ಎಷ್ಟು ಬೀಗದ ಕೈ?" ಶ್ಯಾಮಲಮ್ಮ ಕೇಳಿದರು.

"ಎರಡು," ಎಂದರು ನರಸಿಂಹಪ್ಪ. ಅವರ ದನಿಯ ಗತ್ತು ಇಳಿದಿತ್ತು. "ಒಂದು ಆಂಜಿನಪ್ಪನ ಹತ್ರ. ಇನ್ನೊಂದು..." ಅವರು ಧನಶ್ರೀಯತ್ತ ನೋಡಿದರು.

ಆಗಲೇ ಅವಳ ನೆನಪು ಹಬ್ಬದ ದಿನಕ್ಕೆ ಹೋಗಿತ್ತು.

ಬುಧವಾರ ಮಧ್ಯಾಹ್ನ ಎರಡು ಗಂಟೆ. ಪೂಜೆ ಮುಗಿಸಿ ಎಲ್ಲರೂ ಹೋಗಿದ್ದರು. ಅವಳು ದೇವರಾಯಸಮುದ್ರದ ಬಸ್ಸಿಗೆ ಕಾಯುತ್ತ ರಸ್ತೆ ಬದಿಯಲ್ಲಿ ನಿಂತಿದ್ದಾಗ ಕದಿರೇಶನ ಬೈಕು ಬಂದು ನಿಂತಿತ್ತು. 'ಧನು, ಕೀ ಕೊಡೆ. ನನ್ನ ಕಿವಿ ಮುಚ್ಚೋದು ಒಳಗೆ ಬಿಟ್ಟಿದೀನಿ. ಎರಡು ನಿಮಿಷ.' ಕ್ಲಬ್ಬಿನಲ್ಲಿ ಅವಳ ಹತ್ತಿರ ಮಾತಾಡಿ, ಉತ್ತರ ಬರುವ ತನಕ ಕಾಯುತ್ತಿದ್ದವನು ಅವನೊಬ್ಬನೇ. ಅವಳು ಕೊಟ್ಟಿದ್ದಳು. ಅವನ ಬೆನ್ನ ಮೇಲೆ ಚೀಲವಿತ್ತು. ಒಳಗೆ ಏನೋ ಹಿತ್ತಾಳೆ ಗಿಲಕಿಯಂತೆ ಸದ್ದು ಮಾಡಿತ್ತು. ಅದನ್ನೂ ಕೇಳಿದ್ದಳು. ಬಸ್ಸು ಬಂತು, ಹೋಯಿತು. ಇನ್ನೊಂದು ಬಂತು. ಅವನು ಮರಳಿದ್ದು ನಾಲ್ಕೂಕಾಲಿಗೆ, ಕೈ ತುಂಬ ಕಡ್ಲೆಪುರಿ ಹಿಡಿದುಕೊಂಡು. 'ಹಬ್ಬದ ಪುರಿ ತಿನ್ನು, ಕೋಪ ಮಾಡ್ಕೋಬೇಡ ಕಣೇ.' ಅವಳು ನಕ್ಕಿದ್ದಳು. ಡೈರಿಯಲ್ಲಿ ಪುರಿಯ ಬಗ್ಗೆ ಅರ್ಧ ಪುಟ ಬರೆದಿದ್ದಳು. ಬೀಗದ ಕೈಯ ಬಗ್ಗೆ ಒಂದಕ್ಷರವನ್ನೂ ಬರೆದಿರಲಿಲ್ಲ.

ಮುಂದಿನ ವಾರ ರಾಜ್ಯದ ಆಯ್ಕೆ ಸ್ಪರ್ಧೆ. ಪಿಸ್ತೂಲು, ರೈಫಲು ಎರಡರಲ್ಲೂ ಅವನ ಹೆಸರು. ಪ್ರಾಕ್ಟೀಸಿಗೆ ಇನ್ನೂ ತೋಟಾ ಬೇಕೆಂದು ಮಂಗಳವಾರ ಕೇಳಿದ್ದ. ತಾತ, 'ಹಬ್ಬ ಕಳೀಲಿ ಕಣೋ, ಓಡಿಹೋಗುತ್ತಾ,' ಅಂದಿದ್ದರು.

ಮೊದಲು ಪಿಸ್ತೂಲಿನದು. ಆಮೇಲೆ ರೈಫಲಿನದು. ನಡುವೆ ನಾಲ್ಕು ನಿಮಿಷ, ಫೋನಿನ ವಿಡಿಯೋ ನೋಡಿಕೊಂಡು. ಶುಕ್ರವಾರ ಸಿಕ್ಕ ಡಬ್ಬಿಯೊಳಕ್ಕೇ ತನ್ನ ಹತ್ತನ್ನೂ ಸೇರಿಸಿದ್ದಾನೆ.

ಹಾಗಾದರೆ ಅವನ ಕಣ್ಣಿಗೆ ಅವನದೇ ಕೈ. ಮತ್ತು ಆಸ್ಪತ್ರೆಯ ಹಾಸಿಗೆಯಿಂದ ಅವನು ಬರೆಸಿದ್ದು ಸುಳ್ಳು.

"ಇನ್ನೊಂದು ನಿನ್ನ ಹತ್ರನಾ?" ಶ್ಯಾಮಲಮ್ಮ ಅವಳನ್ನೇ ನೋಡುತ್ತಿದ್ದರು.

ಅವಳು ಚಿಮಟ ಕೆಳಗಿಟ್ಟು, ಹಿಂದೆ ಸರಿದು ಸ್ಟೂಲಿನ ಮೇಲೆ ಕೂತಳು. ಆಂಜಿನಪ್ಪ ಅವಳ ಮುಖ ನೋಡಿದರು. ಬಹಳ ಹೊತ್ತೇನಲ್ಲ, ಅಳತೆಪಟ್ಟಿ ಹಿಡಿದು ನೋಡುವ ಫಿಟ್ಟರಿನ ಹಾಗೆ, ಒಂದೇ ಸಲ. ಅವರಿಗೆ ಎಷ್ಟು ಅರ್ಥವಾಯಿತೋ, ಏನು ಅರ್ಥವಾಯಿತೋ. ಅವರು ಎರಡು ಹೆಜ್ಜೆ ಮುಂದೆ ಬಂದು ಅವಳಿಗೂ ಇನ್ಸ್‌ಪೆಕ್ಟರಿಗೂ ನಡುವೆ ನಿಂತುಬಿಟ್ಟರು.

"ಆ ಮಗೂನ ಯಾಕೆ ಕೇಳ್ತೀರ ಮೇಡಂ. ನಾನೇ ಬಂದಿದ್ದೆ."

"ಯಾವಾಗ?"

"ಹಬ್ಬದ ದಿನ. ಮಧ್ಯಾಹ್ನ. ಹುಡುಗ ತೋಟಾ ಬೇಕು ಅಂದಿದ್ನಲ್ಲ, ಮನಸ್ಸು ತಡೀಲಿಲ್ಲ. ಬಂದು ತುಂಬಿದೆ. ಆತುರದಲ್ಲಿ ತಟ್ಟೋದು ಮರೆತೆ. ಬರ್ಕೊಳ್ಳಿ."

"ಪೂಜೆ ಆದ್ಮೇಲೆ ಆಯುಧ ಮುಟ್ಟಂಗಿಲ್ಲ ಅಂತ ಈಗ ತಾನೇ ನೀವೇ ಅಂದ್ರಲ್ಲ?"

"ಅಂದೆ. ಮುಟ್ಟಿದೆ. ಅದಕ್ಕೇ ಹಿಂಗಾಯ್ತು."

"ಆಂಜಿನಪ್ಪಾ, ಏನ್ರೀ ಇದು," ಎಂದರು ನರಸಿಂಹಪ್ಪ. ಬೆಳಗಿನಿಂದ ಒಪ್ಪಿಕೊಳ್ಳಿ ಒಪ್ಪಿಕೊಳ್ಳಿ ಎನ್ನುತ್ತಿದ್ದವರಿಗೆ ಒಪ್ಪಿಕೊಂಡ ಮಾತು ಹಿಡಿಸಲಿಲ್ಲ. "ನೀವು ಹಬ್ಬದ ದಿನ ಸ್ಕ್ರೂಡ್ರೈವರ್ ಕೂಡ ಮುಟ್ಟಲ್ಲ. ನನಗೇ ಬೈದೋರು ನೀವು."

"ವಯಸ್ಸಾಯ್ತಲ್ಲ ಮೇಷ್ಟ್ರೆ. ನೀವೇ ಹೇಳಿದ್ರಿ."

ದೊಡ್ಡಗಂಗಮ್ಮ ಬೆಂಚಿನಿಂದ ಎದ್ದರು. ಕೂಗಾಡುತ್ತಾರೆ ಎಂದು ಧನಶ್ರೀ ಮೈ ಬಿಗಿ ಹಿಡಿದಳು. ಅವರು ಕೂಗಾಡಲಿಲ್ಲ. ಆಂಜಿನಪ್ಪನ ಎದುರು ಬಂದು, ಅವರ ಎಣ್ಣೆಗೈಗಳನ್ನು ನೋಡುತ್ತ ನಿಂತರು.

"ಅಣ್ಣಾ," ಎಂದರು. "ಅವರಪ್ಪ ಹೋದ ವರ್ಷ ಇವನು ಊರು ಸುತ್ತೋ ಹುಡುಗ. ನೀವು ಇಲ್ಲಿಗೆ ಕರ್ಕೊಂಡು ಬಂದು ನಿಲ್ಲಿಸಿದ್ರಿ. ಮನೇಲಿ ದೇವರ ಪಟದ ಪಕ್ಕ ನಿಮ್ಮ ಜೊತೆ ತೆಗೆಸ್ಕೊಂಡ ಫೋಟೋ ಇಟ್ಟವ್ನೆ. ನಾನು ಏನಂತ ಹೇಳ್ಲಿ ಅವನಿಗೆ? ಕಣ್ಣು ಕಟ್ಕೊಂಡು ಮಲಗಿರೋನ ಹತ್ರ ಹೋಗಿ, ನಿಮ್ಮ ತಾತನೇ ಕಣೋ ಅಂತ ಹೇಳ್ಲಾ?"

ಆಂಜಿನಪ್ಪ ತಲೆ ತಗ್ಗಿಸಿದರು. "ಹಂಗೇ ಹೇಳು ತಾಯಿ."

ಶ್ಯಾಮಲಮ್ಮ ಪೆನ್ನಿನ ಮುಚ್ಚಳ ಹಾಕಿದರು. ಅವರಿಗೆ ಈ ಮಾತು ನಂಬಿಕೆಯಾಗಿಲ್ಲ ಎಂಬುದು ಮುಖದಲ್ಲೇ ಇತ್ತು. ಆದರೆ ಪೊಲೀಸರ ಮುಂದೆ ಒಬ್ಬ ಮನುಷ್ಯ ನಾನೇ ಅಂದ ಮೇಲೆ, ಅಲ್ಲ ಅನ್ನುವವರು ಇನ್ನೊಬ್ಬರು ಬೇಕು. "ವೆಂಕಟ್," ಎಂದು ಹೊರಗಿದ್ದ ಕಾನ್‌ಸ್ಟೇಬಲ್ಲನ್ನು ಕರೆದರು. "ಜೀಪು ತಿರುಗಿಸು. ಆಂಜಿನಪ್ಪನೋರೆ, ಹೊರಡಿ. ಸ್ಟೇಷನ್ನಿನಲ್ಲಿ ಇನ್ನೊಂದು ಸಲ ಹೇಳೋಕೆ ಮುಂಚೆ ದಾರೀಲಿ ಯೋಚ್ನೆ ಮಾಡಿ. ಇವತ್ತು ಬರೆಸಿ ಸಹಿ ಹಾಕಿದ್ರೆ ನಾಳೆ ಅಳಿಸೋಕಾಗಲ್ಲ. ಈ ವಯಸ್ಸಲ್ಲಿ ಜೈಲು ತಡ್ಕೊಳ್ಳೋದು ಕಷ್ಟ."

ಮುದುಕರು ಕೈ ಒರೆಸಿಕೊಂಡರು. ಅಂಗಿಯ ಗುಂಡಿಗಳನ್ನು ಕೊರಳ ತನಕ ಹಾಕಿಕೊಂಡರು. ಬಾಗಿಲ ಹತ್ತಿರ ಹೋದವರು ತಿರುಗಿದರು.

"ಪಾಪಾ, ತಟ್ಟೆ ಬಿಚ್ಚಿದ್ದು ಹಂಗೇ ಇದೆ. ಒಂಚೂರು ಎಣ್ಣೆ ಮುಟ್ಟಿಸಿ ಇಟ್ಬಿಡು. ರಾಮಲಕ್ಷ್ಮಮ್ಮನಿಗೆ ಊಟಕ್ಕೆ ಕಾಯ್ಬೇಡ ಅಂತ ಫೋನ್ ಮಾಡು."

ಧನಶ್ರೀ ತಲೆಯಾಡಿಸಿದಳು. ಯಾವಾಗಲೂ ಹಾಗೇ, ಏನು ಹೇಳಿದರೂ ತಲೆಯಾಡಿಸಿಯೇ ಅವಳಿಗೆ ಅಭ್ಯಾಸ. ಇವತ್ತೂ ತಲೆ ತಾನಾಗಿಯೇ ಆಡಿತು. ಅದು ಆಡಿದ್ದು ತಿಳಿದಾಗ ಅವಳಿಗೆ ತನ್ನ ಮೇಲೆಯೇ ಅಸಹ್ಯವಾಯಿತು.

ಹೇಳಿದರೆ ದೊಡ್ಡಗಂಗಮ್ಮನಿಗೆ ಕೇಳಿಸುತ್ತದೆ. ಮೂರು ಮಾರು ದೂರದಲ್ಲಿ ನಿಂತಿದ್ದಾರೆ, ಮಗನ ಫೈಲನ್ನು ಎದೆಗೆ ಒತ್ತಿಕೊಂಡು. ಹೇಳಿದರೆ ಕದಿರೇಶ್ ಇನ್ನು ಯಾವತ್ತೂ ಅವಳ ಉತ್ತರಕ್ಕೆ ಕಾಯುವುದಿಲ್ಲ. ಕಣ್ಣು ಹೋಗಬಹುದಾದವನ ಮೇಲೆ ಕೇಸೂ ಬೀಳುತ್ತದೆ. ಅವಳ ಮೇಲೂ. ಶುಕ್ರವಾರ ಪಟ್ಟಿ ಬಿಚ್ಚುವ ತನಕವಾದರೂ ಸುಮ್ಮನಿರಬಹುದಲ್ಲ. ಡೈರಿಯಲ್ಲಿ ಬರೆದಿಡಬಹುದು. ಪೂರ್ತಿ, ಒಂದಕ್ಷರ ಬಿಡದೆ.

ಹೊರಗೆ ಜೀಪು ಸದ್ದು ಮಾಡಿತು. ಆಂಜಿನಪ್ಪ ಹೊಸಿಲು ದಾಟಲು ಚಪ್ಪಲಿ ಮೆಟ್ಟಿದರು. ಎಡಗಾಲಿನದು ಸಿಕ್ಕಲಿಲ್ಲ, ಗೋಡೆ ಹಿಡಿದುಕೊಂಡು ಕಾಲಲ್ಲೇ ತಡಕಾಡಿದರು.

"ಮೇಡಂ."

ಯಾರು ಕರೆದದ್ದೆಂದು ಎಲ್ಲರೂ ತಿರುಗಿದರು. ಅವಳೂ ತನ್ನದೇ ದನಿಯ ಗುರುತು ಹತ್ತದವಳ ಹಾಗೆ ನಿಂತಿದ್ದಳು. ಸ್ಟೂಲು ಹಿಂದಕ್ಕೆ ಬಿದ್ದಿತ್ತು.

"ತಾತ ಬಂದಿರಲಿಲ್ಲ ಮೇಡಂ." ಅವಳು ಇನ್ಸ್‌ಪೆಕ್ಟರನ್ನು ನೋಡಲಿಲ್ಲ, ದೊಡ್ಡಗಂಗಮ್ಮನನ್ನೇ ನೋಡುತ್ತಿದ್ದಳು. "ಹಬ್ಬದ ದಿನ ಈ ಕೋಣೆ ಬೀಗದ ಕೈನ ನಿಮ್ಮ ಕದಿರೇಶನಿಗೆ ಕೊಟ್ಟಿದ್ದು ನಾನು, ಅಮ್ಮಾ."